ಮಂಜಿನಲ್ಲಿ ಕಂಡ ಕಡಲತೀರ

ಬೆಳಗ್ಗೆ ಕಡಲ ಕಡೆಯಿಂದ ಮಂಜು ಬಂದು ದಾರಿಯ ಮೇಲೆ ಕೂತಿತು. ಟೂರಿಸ್ಟ್ ಬಸ್ಸಿನ ಗೈಡ್ ಅದನ್ನು ನೋಡಿದ್ದೇ ತಲೆಯ ಮೇಲೆ ಕೈಹೊತ್ತ. ಇನ್ನೊಂದು ದೂರು ಬಂದರೆ ಮನೆಗೆ ಹೋಗು ಎಂದು ಮಾಲೀಕ ನಿನ್ನೆಯಷ್ಟೇ ಹೇಳಿದ್ದ. ಕೆಲಸ ಹೋದರೆ ಭಾವಮೈದುನನ ಮನೆಯ ಹಿಂದಿನ ಕೋಣೆಯೇ ಗತಿ. ಭಾವಮೈದುನನೋ, ತುತ್ತಿಗೊಂದು ಬುದ್ಧಿಮಾತು ಬಡಿಸುವ ಆಸಾಮಿ.

ಆ ತೀರದಲ್ಲಿ ನೋಡುವುದಕ್ಕಾದರೂ ಏನಿದೆ? ಒಂದಿಷ್ಟು ಮರಳು, ಕಪ್ಪು ಬಂಡೆ, ಪುಟ್ಟ ಕೊಲ್ಲಿ, ಹುಲ್ಲುಗುಡ್ಡ, ಸುಣ್ಣ ಉದುರಿದ ಕುಳ್ಳ ದೀಪಸ್ತಂಭ. ಎಲ್ಲವೂ ಸ್ವಲ್ಪ ಸ್ವಲ್ಪ. ಇವತ್ತು ಅದೂ ಇಲ್ಲ.

“ಏನ್ರೀ, ಇಷ್ಟು ದೂರ ಹೊಗೆ ನೋಡೋಕೆ ಬಂದ್ವಾ?” ಎಂದರು ಮುಂದಿನ ಸೀಟಿನ ನಿವೃತ್ತ ಹೆಡ್‌ಮೇಡಂ. ಹಿಂದಿನವರೂ ಗೊಣಗತೊಡಗಿದರು.

ಡ್ರೈವರ್ ಮೆಲ್ಲಗೆ, “ಸುಮ್ನೆ ಏನಾದ್ರೂ ಬಿಡಿ ಗುರುಗಳೇ, ಯಾರಿಗೆ ಕಾಣುತ್ತೆ?” ಎಂದ.

ಗೈಡ್ ಮೈಕ್ ಹಿಡಿದ. “ಎಡಗಡೆ ನೋಡಿ, ನೇರ ಸಮುದ್ರಕ್ಕೇ ಧುಮುಕೋ ಜಲಪಾತ. ಸದ್ದು ಕೇಳಿಸ್ತಾ?”

ಡ್ರೈವರ್ ಮುಂದಿನ ಗಾಜಿಗೆ ಸೊರ್ರೆಂದು ನೀರು ಚಿಮ್ಮಿಸಿದ.

“ಕೇಳಿಸ್ತು, ಕೇಳಿಸ್ತು!” ಎಂದರು ಮೇಡಂ.

ಆಮೇಲೆ ಗೈಡಿನ ಬಾಯಿ ಹಿಡಿಯುವವರಿಲ್ಲ. ಕುಳ್ಳ ದೀಪಸ್ತಂಭ ಮುಗಿಲು ಮುಟ್ಟಿತು, ಬಂಡೆಗಳಲ್ಲಿ ಗುಹೆಗಳು ಬಾಯ್ತೆರೆದವು, ಕೊಲ್ಲಿಯಲ್ಲಿ ರಾಣಿಯೊಬ್ಬಳ ಹಡಗು ಮುಳುಗಿತು. ಮೇಡಂ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಗೈಡಿಗೆ ಎಷ್ಟೋ ವರ್ಷಗಳ ಮೇಲೆ ತಾನೂ ಒಬ್ಬ ಮನುಷ್ಯ ಅನ್ನಿಸಿತು.

ಊಟ ಮುಗಿಸಿ ಬಸ್ಸು ವಾಪಸ್ ಹೊರಡುವಷ್ಟರಲ್ಲಿ ಮಂಜು ಕರಗಿ ಬಿಸಿಲು ಬಿತ್ತು.

ಮೇಡಂ ಕಿಟಕಿಯಿಂದ ಇಣುಕಿದರು. ಮರಳು. ಬಂಡೆ. ಹುಲ್ಲು.

“ಇದ್ಯಾವ ದಾರಿರೀ?”

“ಅದೇ ದಾರಿ, ಮೇಡಂ.”

“ಸುಳ್ಳು! ಬೆಳಗ್ಗೆ ಅಂಥಾ ಒಳ್ಳೇ ದಾರೀಲಿ ಕರ್ಕೊಂಡು ಹೋಗಿ, ಈಗ ಡೀಸೆಲ್ ಉಳಿಸೋಕೆ ಈ ದರಿದ್ರ ದಾರೀಲಿ ತರ್ತಿದೀರಾ? ನಮಗೇನು ಕಣ್ಣಿಲ್ವಾ?”

ನಿಜ ಹೇಳಿದರೆ ಸುಳ್ಳುಗಾರ, ಹೇಳದಿದ್ದರೆ ಮೋಸಗಾರ. ಗೈಡ್ ಮೈಕಿನ ವೈರು ಸುತ್ತಿಟ್ಟ. ಡ್ರೈವರ್ ತನಗೇನೂ ಗೊತ್ತಿಲ್ಲದವನಂತೆ ಹಾರ್ನ್ ಒತ್ತಿದ.

ಸಂಜೆ ಇಡೀ ಬಸ್ಸಿನ ಜನ ಮಾಲೀಕನ ಆಫೀಸಿಗೆ ನುಗ್ಗಿದರು. ಮಾಲೀಕನಿಗೆ ಬಸ್ಸು ಹತ್ತಿದರೆ ವಾಂತಿ. ಆ ದಾರಿಯನ್ನು ಅವನು ಕಂಡವನೇ ಅಲ್ಲ. ಜಲಪಾತ, ಗುಹೆ, ಹಡಗು ಎಲ್ಲವನ್ನೂ ಕೇಳಿಸಿಕೊಂಡು, ಸಮಾಧಾನ ಹೇಳಿ ಕಳಿಸಿದ. ಗೈಡ್ ಬ್ಯಾಗು ಹೆಗಲಿಗೇರಿಸಿದ.

“ಎಲ್ಲಿಗೆ ಹೊರಟೆ?” ಎಂದ ಮಾಲೀಕ. “ಅಂಥಾ ದಾರಿ ಇಟ್ಕೊಂಡು ಇಷ್ಟು ದಿನ ನನ್ನಿಂದ್ಲೇ ಮುಚ್ಚಿಟ್ಟಿದ್ಯಲ್ಲಪ್ಪಾ! ನಾಳೆ ನಮ್ಮತ್ತೆ ಬರ್ತಾರೆ. ಹೋಗೋದೂ ಬರೋದೂ ಆ ದಾರೀಲೇ. ಜಲಪಾತದ ಮುಂದೆ ನಿಲ್ಲಿಸಿ ಅವರದೊಂದು ಫೋಟೋ ತೆಗಿ. ಫೋಟೋ ಇಲ್ದೆ ಬಂದ್ಯೋ, ನಾಡಿದ್ದು ಬರಬೇಡ.”

ಗೈಡ್ ಹೊರಗೆ ಬಂದು ಆಕಾಶ ನೋಡಿದ. ಮೋಡದ ಒಂದು ತುಣುಕೂ ಇರಲಿಲ್ಲ.

“ಇನ್ನೊಂದು ವಾರ ಒಳ್ಳೇ ಬಿಸಿಲಂತೆ ಗುರುಗಳೇ,” ಎಂದ ಡ್ರೈವರ್ ಖುಷಿಯಾಗಿ.