ಗ್ರೀನ್‌ಗೆ ಔಷಧಿ ಹೊಡೆಯಲು ಮೂರನೇ ಮೆಷಿನ್ನನ್ನೇ ಕೊಳ್ಳುವ ಬಗ್ಗೆ

ಇಂದ,
ದೇವರಾಜ, ವಯಸ್ಸು ನಲವತ್ತಾರು,
ಔಷಧಿ ಹೊಡೆಯುವವನು (ಸದ್ಯ ಗೇಟಿನಲ್ಲಿ ಅತಿಥಿಗಳಿಗೆ ಕೊಡೆ ಹಿಡಿಯುವವನು),
ಕಮ್ಮರಡಿ, ಕೊಪ್ಪ ತಾಲ್ಲೂಕು.

ಗೆ,
ಶ್ರೀ ಯಜ್ಞೇಶ್ ಅವರು, ಮೈದಾನದ ಮ್ಯಾನೇಜರ್,
ಹಸಿರುದಿಣ್ಣೆ ಗಾಲ್ಫ್ ಕ್ಲಬ್, ಕೊಪ್ಪ ತಾಲ್ಲೂಕು.

ವಿಷಯ: ಮೂರನೇ ಮೆಷಿನ್ನನ್ನೇ ಖರೀದಿಸುವಂತೆಯೂ, ಅದರ ಸೀಟಿನ ಮೇಲೆ ಅರ್ಜಿದಾರನನ್ನೇ ಕೂರಿಸುವಂತೆಯೂ ಕೋರಿ.

ಉಲ್ಲೇಖ: ೧. ತಾವು ಅರ್ಜಿದಾರನಿಗೆ ಕೊಟ್ಟ ಕಾರಣ ಕೇಳುವ ನೋಟಿಸು.
೨. ಅದೇ ದಿನ ತಾವು ಬಾಯಲ್ಲಿ ಹೇಳಿದ್ದು (ಬರೆಯುವ ಹಾಗಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಸದರಿ ಅರ್ಜಿದಾರನು ಏಳನೇ ಕ್ಲಾಸು ಪಾಸಾಗಿದ್ದು, ಸಹಿ ಮಾಡಬಲ್ಲನೇ ಹೊರತು ಇಷ್ಟುದ್ದ ಬರೆಯಲಾರನು. ಆದಕಾರಣ ಕೊಪ್ಪದ ಅರ್ಜಿ ಬರಹಗಾರ ಸುಬ್ಬಯ್ಯನ ಮುಂದೆ ಕೂತು ಹೇಳಿ ಬರೆಸಿರುತ್ತಾನೆ. ಸುಬ್ಬಯ್ಯನು ಮೂವತ್ತು ವರ್ಷದಿಂದ ಪಹಣಿ, ಪೋಡಿ, ರೇಷನ್ ಕಾರ್ಡಿನ ಅರ್ಜಿ ಬರೆದವನು. ಗಾಲ್ಫ್ ಎಂದರೇನೆಂದು ತಿಳಿಯಲು ಅವನಿಗೆ ಎರಡು ಲೋಟ ಕಾಫಿ ಬೇಕಾಯಿತು. ಗುಂಡಿಯ ಸುತ್ತ ಚಾಪೆಯ ಹಾಗೆ ನುಣ್ಣಗೆ ಕತ್ತರಿಸಿದ ಹುಲ್ಲಿಗೆ ಗ್ರೀನ್ ಎನ್ನುತ್ತಾರೆ, ಅಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಗುಂಡಿಗೆ ಬೀಳಿಸಬೇಕು, ಇಷ್ಟಕ್ಕೇ ಜನ ಕಾರು ಮಾಡಿಕೊಂಡು ಬರುತ್ತಾರೆ ಎಂಬುದು ಈಗ ಅವನಿಗೂ ಮನದಟ್ಟಾಗಿದೆ. ಸಂಗತಿ ಅರ್ಜಿದಾರನದು, ಅಲ್ಲಲ್ಲಿ ಕಂಡುಬರುವ ಸಿಟ್ಟು ಸುಬ್ಬಯ್ಯನದು.

೧. ಅರ್ಜಿದಾರನು ಇಪ್ಪತ್ತೆರಡು ವರ್ಷ ಅಡಿಕೆ ಮರ ಹತ್ತಿ ಕೊಳೆ ರೋಗಕ್ಕೆ ಔಷಧಿ ಹೊಡೆದವನು. ಗೊನೆ ತೊಯ್ದು ತೊಟ್ಟಿಕ್ಕುವ ತನಕ ಹೊಡೆಯಬೇಕು, ಮಳೆಗೆ ತೊಳೆದು ಹೋಗದ ಹಾಗೆ ಮೈಲುತುತ್ತ ಸುಣ್ಣದ ನೀಲಿ ನೀರಿಗೆ ರಾಳದ ಅಂಟು ಸೇರಿಸಬೇಕು. ಇದು ಅವನ ಕೈಯಲ್ಲೇ ಕೂತ ವಿದ್ಯೆ. ಕಾಲಿನ ಮಂಡಿ ಕೈಕೊಟ್ಟ ಮೇಲೆ ಮರ ಬಿಟ್ಟು ತಮ್ಮ ಕ್ಲಬ್ಬಿಗೆ ಸೇರಿದನು.

೨. ಕಳೆದ ಜೂನ್‌ನಲ್ಲಿ ನಾಲ್ಕನೇ ಗ್ರೀನ್‌ನಲ್ಲಿ ಕಂದು ಚುಕ್ಕೆಗಳು ಕಂಡವು. ತಾವು ಉಪನಯನಕ್ಕೆಂದು ಶೃಂಗೇರಿಗೆ ಹೋಗಿದ್ದಿರಿ, ಫೋನು ಹತ್ತಲಿಲ್ಲ. ಹುಲ್ಲಿನ ಔಷಧಿಯ ಡಬ್ಬಿ ಸ್ಟೋರಿನಲ್ಲಿತ್ತು, ಅದರ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. ಆದ್ದರಿಂದ ಅರ್ಜಿದಾರನು ತನಗೆ ಗೊತ್ತಿದ್ದ ಔಷಧಿಯನ್ನು, ತನಗೆ ಗೊತ್ತಿದ್ದ ಅಂಟು ಸೇರಿಸಿ, ಅಡಿಕೆ ಗೊನೆಗೆ ಹೊಡೆಯುವಷ್ಟೇ ಧಾರಾಳವಾಗಿ ಹೊಡೆದನು.

೩. ಮಾರನೆಯ ದಿನ ಬಿಸಿಲು ಬಂತು. ಅದೂ ಅರ್ಜಿದಾರನ ತಪ್ಪೆಂದು ನೋಟಿಸಿನಲ್ಲಿ ಬರೆಯದಿದ್ದುದಕ್ಕೆ ಅವನು ಋಣಿಯಾಗಿದ್ದಾನೆ. ಅಂದೇ ನರಸಿಂಹರಾಜಪುರದವರ ಜೊತೆ ಬೆಳ್ಳಿ ಕಪ್ಪಿನ ಪಂದ್ಯ. ಹಿರಿಯ ಸದಸ್ಯರಾದ ಕೃಷ್ಣಪ್ಪನವರು ಚೆಂಡಿನ ಹಿಂದೆ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಎರಡು ಸಲ ಲೆಕ್ಕ ಹಾಕಿ ತಳ್ಳಿದರು. ಚೆಂಡು ಗುಂಡಿಗೆ ಗೇಣು ದೂರದಲ್ಲಿ ಗಪ್ಪನೆ ನಿಂತಿತು.

"ಎಂತ ಮಾರಾಯ ಇದು! ಚೆಂಡನ್ನ ಹಿಡ್ಕೊಳ್ತದಲ್ಲ ಈ ಹುಲ್ಲು!" ಎಂದು ಅವರು ಎದ್ದು ನಿಂತಾಗ ಅವರ ಬಿಳಿ ಪ್ಯಾಂಟಿನ ಎರಡೂ ಮಂಡಿ ನೀಲಿಯಾಗಿದ್ದವು.

ಅರ್ಜಿದಾರನು ಓಡಿ ಬಂದು, "ಅಂಟು ಚೂರು ಜಾಸ್ತಿ ಆಯ್ತು ಸಾರ್. ಇನ್ನು ಒಂದು ತಿಂಗಳು ಎಷ್ಟೇ ಮಳೆ ಬಂದ್ರೂ ಹೋಗುದಿಲ್ಲ" ಎಂದು ಸಮಾಧಾನ ಹೇಳಿದನು. ಸಮಾಧಾನವಾಗಲಿಲ್ಲ. ಕಪ್ಪು ನರಸಿಂಹರಾಜಪುರದವರ ಪಾಲಾಯಿತು. ಹುಲ್ಲು ಸುಟ್ಟು ಮೂರು ವಾರ ಹಳದಿಯಾಗಿ ನಿಂತಿತು. ಅರ್ಜಿದಾರನು ದಿನಾ ಅದನ್ನು ನೋಡಿ ಬಂದು ಊಟ ಬಿಟ್ಟದ್ದು ನಿಜ. ಇದಕ್ಕೆ ಅವನ ಹೆಂಡತಿ ಮಲ್ಲಿಕಾ ಸಾಕ್ಷಿ.

೪. ತರುವಾಯ ಸ್ಪ್ರೇಯರ್ ಮುಟ್ಟಕೂಡದೆಂದು ಆದೇಶವಾಗಿ, ಅರ್ಜಿದಾರನು ಗೇಟಿಗೆ ವರ್ಗವಾದನು. ಅಲ್ಲಿ ಮಳೆ ಬಂದರೆ ಕೊಡೆ ಬಿಚ್ಚಬೇಕು, ನಿಂತರೆ ಮಡಚಬೇಕು. ಇಪ್ಪತ್ತೆರಡು ವರ್ಷ ಮರದ ತುದಿಯಲ್ಲಿ ತೂಗಾಡಿದವನಿಗೆ ಇದೂ ಒಂದು ಕೆಲಸವೇ ಸ್ವಾಮಿ? (ಈ ಪ್ರಶ್ನೆ ಸುಬ್ಬಯ್ಯನದು.)

೫. ಹೊಸ ಮೆಷಿನ್ ಆರಿಸಲೆಂದು ತಾವು ಮೂರು ಕಂಪನಿಯವರನ್ನು ಕರೆಸಿದಿರಿ. ಮೂವರೂ ಹುಲ್ಲಿನ ಮೇಲೆ ಹೊಡೆದು ತೋರಿಸಿದರು. ಮೂರು ಕಡೆಯೂ ಹುಲ್ಲು ಒದ್ದೆಯಾಯಿತು, ಕಮಿಟಿಯವರು ತಲೆದೂಗಿದರು. ಒದ್ದೆ ಹುಲ್ಲು ನೋಡಿ ಮೆಷಿನ್ ಆರಿಸುವುದೆಂದರೆ ಸೀರೆಯ ಬಣ್ಣ ನೋಡಿ ಹುಡುಗಿ ಒಪ್ಪಿದ ಹಾಗೆ. ಅರ್ಜಿದಾರನಿಗೆ ತಡೆಯಲಾಗದೆ ಕೊಡೆ ಸಮೇತ ಒಳಗೆ ಬಂದನು.

"ಹುಲ್ಲಿನ ಮೇಲೆ ಎಂತ ಗೊತ್ತಾಗ್ತದೆ ಸಾರ್? ಬರೀ ನೀರು ಹಾಕಿ ಸಿಮೆಂಟಿನ ಮೇಲೆ ಹೊಡೆಸಿ. ಒಣಗುದು ನೋಡಿ."

ತಾವು ಬೈಯುವ ಮೊದಲೇ ಕೃಷ್ಣಪ್ಪನವರು, "ಹೊಡೆಸಿ ನೋಡುವ, ಇವನಿಗೆ ಅಂಟಿನ ವಿಷಯ ಬಿಟ್ರೆ ಬೇರೆ ಗೊತ್ತಿದ್ರೂ ಗೊತ್ತಿರಬಹುದು" ಎಂದರು. ಆಮೇಲೆ ಕಾರು ನಿಲ್ಲಿಸುವ ಸಿಮೆಂಟು ಜಾಗದಲ್ಲಿ ನಡೆದ ಪರೀಕ್ಷೆ ಹೀಗಿದೆ:

ಮೊದಲನೆಯದು ಕೈಯಲ್ಲಿ ತಳ್ಳುವ ಮೆಷಿನ್. ನೀರು ಪಟ್ಟೆ ಪಟ್ಟೆಯಾಗಿ ಒಣಗಿತು. ಅಂದರೆ ನೀರು ಚಿಮ್ಮುವ ಒಂದು ನಾಜಲ್ ಹೆಚ್ಚು ಸುರಿದರೆ ಪಕ್ಕದ್ದು ಕಡಿಮೆ. ಗ್ರೀನ್‌ನಲ್ಲಿ ಒಂದು ಪಟ್ಟೆ ಸುಡುತ್ತದೆ, ಇನ್ನೊಂದರಲ್ಲಿ ರೋಗ ಉಳಿಯುತ್ತದೆ. ಎರಡನೆಯದು ಸಮನಾಗಿ ಹೊಡೆಯಿತು, ಆದರೆ ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಿತ್ತು. ನಾಜಲ್ ಕಟ್ಟಿಕೊಂಡರೆ ಏನು ಮಾಡಬೇಕೆಂದು ಕೇಳಿದ್ದಕ್ಕೆ, ಕಂಪನಿಯವರು ಪುಣೆಯಿಂದ ಬರುತ್ತಾರೆಂದರು. ಕೊಳೆ ಪುಣೆಯವರಿಗೆ ಕಾಯುವುದಿಲ್ಲ. ಮೂರನೆಯದು ಕೂತು ಓಡಿಸುವಂಥದ್ದು. ನೀರು ಒಂದು ಪಟ್ಟೆಯೂ ಇಲ್ಲದೆ ಸಮನಾಗಿ ಒಣಗಿತು. ನಿಧಾನ ಮಾಡಿದರೆ ನೀರನ್ನೂ ತಾನೇ ಕಡಿಮೆ ಮಾಡಿತು, ನಿಲ್ಲಿಸಿದ ಕೂಡಲೇ ಒಂದು ತೊಟ್ಟೂ ಬೀಳಿಸಲಿಲ್ಲ. ನಾಜಲನ್ನು ಅರ್ಜಿದಾರನು ಕೈಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಹಾಕಿದನು. ಮೊದಲು ಹುಲ್ಲಿನ ಮೇಲೆ ತೋರಿಸಿದಾಗ ಅದರ ಅಗಲ ಚಕ್ರ ಒದ್ದೆ ಗ್ರೀನ್ ಮೇಲೆ ಹೋಗಿದ್ದರೂ ಬೆರಳಿಗೆ ಸಿಗುವಷ್ಟು ಗುರುತೂ ಉಳಿದಿರಲಿಲ್ಲ. ಒಣಗುವುದನ್ನು ನೋಡಲು ಅರ್ಜಿದಾರನು ಸಿಮೆಂಟಿಗೆ ಕೆನ್ನೆ ಇಟ್ಟು ಮಲಗಿದ್ದಾಗ ತಾವು, "ಏಳು ಮಾರಾಯ, ಗೆಸ್ಟ್ ಎಲ್ಲ ನೋಡ್ತಿದಾರೆ" ಎಂದದ್ದು ಅವನ ನೆನಪಿನಲ್ಲಿದೆ.

೬. ಈಗ ಸಂಕಟಕ್ಕೆ ಬರೋಣ. ಕ್ಲಬ್ಬಿನ ನಿಯಮದಂತೆ, ಕೂತು ಓಡಿಸುವ ಯಾವುದೇ ಗಾಡಿಗೆ ಎಸ್ಸೆಸ್ಸೆಲ್ಸಿ ಪಾಸಾದ, ಲೈಸೆನ್ಸ್ ಇರುವ ಡ್ರೈವರೇ ಆಗಬೇಕು. ಅರ್ಜಿದಾರನಿಗೆ ಎರಡೂ ಇಲ್ಲ. ಮೊದಲನೇ ಮೆಷಿನ್ ಬಂದರೆ ತಳ್ಳಲು ಅವನನ್ನು ಮತ್ತೆ ಕರೆಯುತ್ತಾರೆ; ಮೂರನೆಯದು ಬಂದರೆ ಅವನು ಸಾಯುವ ತನಕ ಗೇಟಿನಲ್ಲೇ. ಯಾವುದು ಒಳ್ಳೆಯದೆಂದು ಬರೆದುಕೊಡಲು ತಾವು ಅವನಿಗೇ ಹೇಳಿದ್ದೀರಿ.

ಮಲ್ಲಿಕಾ ಸುಲಭದ ದಾರಿ ತೋರಿಸಿದಳು: "ಮೊದಲನೇದೇ ಒಳ್ಳೇದು ಅಂತ ಬರೆಸಿ ಮಾರಾಯ್ರೆ. ಯಾರಿಗೆ ಗೊತ್ತಾಗ್ತದೆ?"

"ಹುಲ್ಲಿಗೆ ಗೊತ್ತಾಗ್ತದೆ" ಎಂದನು ಅರ್ಜಿದಾರ.

"ಹಂಗಾರೆ ಹುಲ್ಲೇ ನಿಮಗೆ ಅನ್ನ ಹಾಕ್ಲಿ" ಎಂದು ಅವಳು ಒಳಗೆ ಹೋದಳು. ಅಂದಿನ ಸಾರಿಗೆ ಉಪ್ಪಿರಲಿಲ್ಲ. ಅದು ಮರೆವೋ ಉದ್ದೇಶವೋ ಎಂದು ವಿಚಾರಿಸುವ ಧೈರ್ಯ ಅರ್ಜಿದಾರನಿಗೆ ಇರಲಿಲ್ಲ.

೭. ಒಂದು ಗ್ರೀನ್ ಅನ್ನು ತನ್ನ ಕೈಯಾರೆ ಸುಟ್ಟವನು ಅರ್ಜಿದಾರ. ಗೊತ್ತಿಲ್ಲದೆ ಸುಟ್ಟದ್ದಕ್ಕೇ ಇಷ್ಟು ಹೊಟ್ಟೆ ಉರಿದಿದೆ. ಸುಡುತ್ತದೆಂದು ಗೊತ್ತಿದ್ದೂ ಆ ಮೆಷಿನ್ನಿಗೆ ಸಹಿ ಹಾಕಲು ಅವನಿಗೆ ಕೈ ಬರುವುದಿಲ್ಲ. ಹೀಗೆಂದು ಅವನು ಹೇಳುವಾಗ ಸುಬ್ಬಯ್ಯನು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಬಗ್ಗಿದ್ದನು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಮೂರನೇ ಮೆಷಿನ್ನನ್ನೇ ಖರೀದಿಸಬೇಕಾಗಿಯೂ, ಎಸ್ಸೆಸ್ಸೆಲ್ಸಿಯ ನಿಯಮವನ್ನು ಅರ್ಜಿದಾರನೊಬ್ಬನ ಮಟ್ಟಿಗೆ ಸಡಿಲಿಸಬೇಕಾಗಿಯೂ, ಅವನು ಚಿಕ್ಕಮಗಳೂರಿನಲ್ಲಿ ಎಲ್‌ಎಲ್‌ಆರ್ ಮಾಡಿಸಿರುವುದರಿಂದ ಪೂರ್ತಿ ಲೈಸೆನ್ಸ್ ಬರುವ ತನಕ ಸೀಟನ್ನು ಯಾರಿಗೂ ಕೊಡದೆ ಖಾಲಿ ಇಡಬೇಕಾಗಿಯೂ ಪ್ರಾರ್ಥನೆ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಯಾರಾದರೂ ಒಮ್ಮೆ ಓದಿ ಹೇಳಿದರೆ ಸಾಕು, ಅವನು ಬಾಯಿಪಾಠ ಮಾಡಿಕೊಳ್ಳುತ್ತಾನೆ.

ತಮ್ಮ ವಿಶ್ವಾಸವನ್ನು ಒಮ್ಮೆ ಕಳೆದುಕೊಂಡು ಮತ್ತೆ ಕೇಳುತ್ತಿರುವ,
(ಸಹಿ) ದೇವರಾಜ

ಬರೆದುಕೊಟ್ಟವನು: ಸುಬ್ಬಯ್ಯ, ಕೊಪ್ಪ

ಅಡಕಗಳು:
ಎಲ್‌ಎಲ್‌ಆರ್ ಜೆರಾಕ್ಸ್, ಒಂದು.
ಸಿಮೆಂಟು ಒಣಗುತ್ತಿರುವ ಫೋಟೋ, ಮೂರು. (ಮೂರನೆಯದರಲ್ಲಿ ಏನೂ ಕಾಣುವುದಿಲ್ಲ. ಅದೇ ಆ ಮೆಷಿನ್ನಿನ ಗುಣ.)
ಮಲ್ಲಿಕಾಳ ಒಪ್ಪಿಗೆ ಪತ್ರ: ಲಗತ್ತಿಸಿಲ್ಲ, ಸಿಕ್ಕಿಲ್ಲ.

ವಿಶೇಷ ಸೂಚನೆ: ಈ ಅರ್ಜಿಯನ್ನು ತಿರಸ್ಕರಿಸುವುದಾದರೆ ಅರ್ಜಿದಾರನನ್ನು ಮಾತ್ರ ತಿರಸ್ಕರಿಸಿ, ಮೆಷಿನ್ ಮೂರನೆಯದನ್ನೇ ತರಿಸಬೇಕಾಗಿ ವಿನಂತಿ.