ಕಾರ್ಡಿನ ಮ್ಯಾಲಿನ ಒಂದು ರೂಪಾಯಿ

ಬೀಗರು: ಕಾರ್ಡು ಖಾಲಿ ಐತಿ ಅಂತ ನಾನು ಅನ್ನಾಕತ್ತಿಲ್ರಿ ಬೀಗ್ರ. ಪಾರ್ಕಿನ ಗೇಟಿನವರು ಅಂದ್ರು.

ನಾನು: ಖಾಲಿ ಕಾರ್ಡು ಕೊಡೋ ಮನಿತನ ನಮ್ಮದಲ್ರಿ.

ಬೀಗರು: ಅದನ್ನೂ ಅವರಿಗೆ ಹೇಳೀನ್ರಿ. ಕಾರಟಗಿ ಪ್ರಭುರಾಜಪ್ಪನವರು ಕೊಟ್ಟದ್ದು ಅಂದೆ. ಅವರು, ಯಾರರ ಕೊಟ್ಟಿರಲಿ, ನಂಬರ್ ಹೇಳ್ರಿ ಅಂದ್ರು.

ಹೀಗೆ ಜಗಳ ಆಡುತ್ತ ನಾವಿಬ್ಬರೂ ಗಂಗಾವತಿಯ ಒಂದು ಸೂಪರ್ ಮಾರ್ಕೆಟ್ಟಿನ ಕೌಂಟರಿನ ಮುಂದೆ ನಿಂತಿದ್ದೆವು. ನಾನು ಕಾರಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಬೀಗರು ಹನುಮಸಾಗರದ ಮುದಿಯಪ್ಪನವರು, ನನ್ನ ಮಗಳನ್ನು ಸೊಸೆ ಮಾಡಿಕೊಂಡವರು. ಅವರ ಹೊಸ ಮನೆಯ ವಾಸ್ತುಶಾಂತಿಗೆ ಊರವರೆಲ್ಲ ಗೋಡೆ ಗಡಿಯಾರ, ಸ್ಟೀಲಿನ ಕೊಡ ಹೊತ್ತು ತಂದರೆ, ನಾನೊಬ್ಬ ನೀರಾಟದ ಪಾರ್ಕಿನ ಕಾರ್ಡು ಒಯ್ದಿದ್ದೆ. ಅಂಗಡಿಯಲ್ಲಿ ಮೊದಲೇ ದುಡ್ಡು ತುಂಬಿಸಿದ ಕಾರ್ಡು ಅದು. ಗೇಟಿನಲ್ಲಿ ತೋರಿಸಿದರೆ ನಾಲ್ಕು ಮಂದಿ ಒಳಗೆ. ಆಯೇರಿ ಅಂದರೆ ಉಡುಗೊರೆ ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುವಾಗ, ಮೈಕು ನಾನೇ ಇಸಿದುಕೊಂಡು ಕಾರ್ಡಿನ ಗುಣಗಾನ ಮಾಡಿದ್ದೆ. ಉಂಡು ಎದ್ದವರೂ ನಿಂತು ಕೇಳಿದರು.

ಬೀಗರು ಸಂಸಾರ ಸಮೇತ ಹೋಗಿ ಗೇಟಿನಿಂದಲೇ ತಿರುಗಿ ಬಂದರು. ಕಾರಟಗಿ ಬೀಗರು ಖಾಲಿ ಕಾರ್ಡು ಕೊಟ್ಟರಂತೆ ಎಂದು ಹನುಮಸಾಗರದಲ್ಲೆಲ್ಲ ಸುದ್ದಿ. ಮಗಳು ಫೋನು ಮಾಡಿ, ಅತ್ತೆಯ ಮುಂದೆ ತಲೆ ಎತ್ತಿ ನಿಲ್ಲಲು ಆಗುತ್ತಿಲ್ಲ ಅಂತ ಅತ್ತಳು. ಬೀಗರನ್ನು ಕರೆದುಕೊಂಡು ನೆಟ್ಟಗೆ ಅಂಗಡಿಗೇ ಬಂದೆ. ಕೌಂಟರಿನಲ್ಲಿದ್ದವಳು ಹೇಮಾವತಿ, ಅಂದು ಕಾರ್ಡು ಮಾರಿದವಳೂ ಅವಳೇ.

ನಾನು: ನೋಡು ತಂಗಿ, ನಿಮ್ಮ ಕಾರ್ಡಿನಿಂದ ನನ್ನ ಮಾನ ಹೋಗೇತಿ. ತಪ್ಪು ಯಾರದು ಅಂತ ಇವರ ಮುಂದ ಹೇಳಿಬಿಡು.

ಅವಳು ಕಾರ್ಡನ್ನು ಯಂತ್ರದಲ್ಲಿ ಉಜ್ಜಿ ಕಂಪ್ಯೂಟರು ನೋಡಿದಳು.

ಹೇಮಾವತಿ: ದುಡ್ಡು ಪೂರ್ತಿ ಐತ್ರಿ ಸರ್. ಒಂದು ಪೈಸಾನೂ ಹೋಗಿಲ್ಲ.

ನಾನು ಎದೆ ಉಬ್ಬಿಸಿ ಬೀಗರ ಕಡೆ ನೋಡಿದೆ. ಅಷ್ಟರಲ್ಲಿ ಅವಳು ಕಾರ್ಡು ತಿರುವಿ ಹಾಕಿದಳು.

ಹೇಮಾವತಿ: ಇಲ್ಲೊಂದು ಬೆಳ್ಳಿ ಬಣ್ಣದ ಪಟ್ಟಿ ಇತ್ತಲ್ರಿ? ಅದನ್ನ ಕೆರೆದ್ರ ಒಳಗ ನಂಬರ್ ಇರತೈತಿ. ಗೇಟಿನ್ಯಾಗ ಅದನ್ನಽ ಕೇಳ್ತಾರ, ಅದಿಲ್ಲಂದ್ರ ಖಾಲಿ ಕಾರ್ಡು ಅಂತಾರ. ಈಗ ಪಟ್ಟೀನೂ ಇಲ್ಲ, ನಂಬರೂ ಇಲ್ಲ. ಯಾರೋ ಗಮ್ಮು ಹಚ್ಚಿ ಕಿತ್ತಾರ.

ನಾನು: ಹಂಗಾರ ತಪ್ಪು ನಿಮ್ಮ ಅಂಗಡೀದಽ. ಯಾವನೋ ಬುದ್ಧಿಗೇಡಿ ಗಮ್ಮು ಹಚ್ಯಾನ.

ಬೀಗರು: ಬೀಗ್ರ.

ನಾನು: ನೀವು ಸುಮ್ನಿರ್ರಿ, ನಾ ಮಾತಾಡ್ತೀನಿ. ಅಂಥಾ ದಡ್ಡನ್ನ ಕೆಲಸದಾಗ ಯಾಕ ಇಟ್ಕೊಂಡೀರಿ?

ಬೀಗರು: ಬೀಗ್ರ, ಅಲ್ಲಿ ಒಂದು ರೂಪಾಯಿ ಅಂಟಿಸಿತ್ತಲ್ರಿ. ನನ್ನ ಕೈಯಾರೆ ಅಂಟಿಸೀನಿ ಅಂತ ನೀವಽ ಮೈಕಿನ್ಯಾಗ ಹೇಳಿದ್ರಿ.

ಆಯೇರಿ ಅಂದಮೇಲೆ ಲೆಕ್ಕ ಸೊನ್ನೆಯಲ್ಲಿ ಮುಗಿಯಬಾರದು, ಮೇಲೊಂದು ರೂಪಾಯಿ ಇರಲೇಬೇಕು. ಅಂದು ಇದೇ ಕೌಂಟರಿನಲ್ಲಿ ಎರಡು ಸಾವಿರದ ಒಂದು ರೂಪಾಯಿ ತುಂಬು ಎಂದು ಹಟ ಹಿಡಿದಿದ್ದೆ, ಯಂತ್ರ ಒಪ್ಪಿರಲಿಲ್ಲ. ಮನೆಗೆ ಬಂದು ನೋಡಿದರೆ ಕಾರ್ಡಿನ ಬೆನ್ನ ಮೇಲೆ ಬೆಳ್ಳಿ ಬಣ್ಣದ ಜಾಗ. ನಮ್ಮ ಕಡೆಯ ಪದ್ಧತಿ ತಿಳಿದೇ ಕಂಪನಿಯವರು ರೂಪಾಯಿಗೆ ಜಾಗ ಬಿಟ್ಟಿದ್ದಾರೆ ಎಂದು ಅವರ ಜಾಣತನ ಮೆಚ್ಚಿದೆ. ಚಪ್ಪಲಿಗೆ ಹಚ್ಚುವ ಗಮ್ಮು ತಂದು ರೂಪಾಯಿಯನ್ನು ಅಲ್ಲಿ ಗಟ್ಟಿಯಾಗಿ ಒತ್ತಿದೆ.

ಹೇಮಾವತಿ: ಆ ರೂಪಾಯಿ ಎಲ್ಲೈತ್ರಿ? ನಂಬರ್ ಅದರ ಬೆನ್ನಿಗೆ ಹತ್ತಿರಬೇಕು.

ಬೀಗರು: ನಮ್ಮವ್ವ ಚಾಕುಲೆ ಎಬ್ಬಿಸಿ ಹುಲಿಗೆಮ್ಮನ ಹುಂಡಿಗೆ ಹಾಕಿ ಬಂದ್ಲವಾ. ಆಯೇರಿ ರೂಪಾಯಿ ಖರ್ಚು ಮಾಡಬಾರದು ಅಂತಾಳ.

ಹೇಮಾವತಿ: ಹಂಗಾರ ಈಗ ಪಾರ್ಕಿಗೆ ಹೋಗಾಕ ಆ ಹುಲಿಗೆಮ್ಮ ತಾಯಿಗಷ್ಟಽ ಬರತೈತ್ರಿ.

ಬೇರೆ ನಂಬರು ಕೊಡು ಎಂದು ಗದರಿಸಿದೆ, ಆಮೇಲೆ ಬೇಡಿಕೊಂಡೆ. ಕಂಪನಿಯವರು ಕೊಡುವುದಿಲ್ಲ, ಆ ಮಾತನ್ನು ಕಾರ್ಡಿನ ಮೇಲೆಯೇ ಅಚ್ಚು ಹಾಕಿದ್ದಾರೆ ಎಂದು ತೋರಿಸಿದಳು. ಬೀಗರು ನನ್ನ ಹೆಗಲ ಮೇಲೆ ಕೈಯಿಟ್ಟರು.

ಬೀಗರು: ಇರಲಿ ಬಿಡ್ರಿ. ಖಾಲಿ ಕೊಟ್ಟಿರಲಿಲ್ಲ ಅಂತ ಗೊತ್ತಾತಲ್ಲ, ನಾನಽ ಊರಾಗ ಹೇಳ್ತೀನಿ. ನಿಮ್ಮ ಮಗಳು ಅಳೋದು ಬ್ಯಾಡ.

ಹೋದ ಜೀವ ಬಂದಂತಾಯಿತು. ದಡ್ಡ ಅನ್ನಿಸಿಕೊಂಡರೆ ನಾಲ್ಕು ದಿನ ನಗುತ್ತಾರೆ, ಮೋಸಗಾರ ಅನ್ನಿಸಿಕೊಂಡರೆ ಮಗಳು ಜೀವಮಾನವಿಡೀ ಕೇಳಿಸಿಕೊಳ್ಳಬೇಕು. ಬೀಗರು ಎಷ್ಟು ದೊಡ್ಡ ಮನುಷ್ಯರು ಅನ್ನಿಸಿ ಕಣ್ಣು ತುಂಬಿತು. ಚಹಾ ಕುಡಿಯೋಣ ಬರ್ರಿ ಎಂದು ಅವರನ್ನು ಬಾಗಿಲ ಕಡೆ ತಿರುಗಿಸಿದೆ. ಹೇಮಾವತಿಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ಅದೇ ಹೊತ್ತಿಗೆ.

ಹೇಮಾವತಿ: ಸರ್, ಒಂದು ತಗೊಂಡ್ರ ಒಂದು ಫ್ರೀ ಅಂತ ನಿಮಗ ಎರಡನೇ ಕಾರ್ಡು ಕೊಟ್ಟಿದ್ವಲ್ರಿ? ಅದಕ್ಕ ರೂಪಾಯಿ ಅಂಟಿಸಿಲ್ಲಂದ್ರ ನಡೀತೈತಿ ನೋಡ್ರಿ.

ಬೀಗರು ನಿಂತರು.

ಬೀಗರು: ಎರಡನೇದು?

ನಾನು: ಅದು... ಅದನ್ನೂ ನಿಮಗಂತಽ ಇಟ್ಟೀನ್ರಿ. ದೀಪಾವಳಿಗೆ ಕೊಡೋಣಂತ.

ಹೇಮಾವತಿ: ದೀಪಾವಳಿ ತನಕ ನಡ್ಯಂಗಿಲ್ರಿ ಸರ್. ಈ ತಿಂಗಳಿಗೆ ಮುಗೀತೈತಿ.

ಬೀಗರು: ಎಲ್ಲೈತ್ರಿ ಅದು?

ಮನೆಯಲ್ಲಿದೆ ಎನ್ನಬೇಕೆಂದಿದ್ದೆ. ಆದರೆ ನನ್ನ ಕೈ ನನ್ನನ್ನು ಕೇಳದೆ ಅಂಗಿಯ ಕಿಸೆಯನ್ನು ಮುಚ್ಚಿಕೊಂಡಿತ್ತು. ಬರುವ ಭಾನುವಾರ ನಾನೂ ನನ್ನ ಹೆಂಡತಿಯೂ ಗುಟ್ಟಾಗಿ ಹೋಗುವವರಿದ್ದೆವು, ಅದಕ್ಕೆ ಹೊಸ ಟವೆಲ್ಲೂ ತಂದಾಗಿತ್ತು. ಕಾರ್ಡು ಹೊರತೆಗೆದು ಎರಡೂ ಕೈಯಲ್ಲಿ ಕೊಟ್ಟೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಬೀಗರು ಕಾರ್ಡು ತಿರುವಿ ಬೆಳ್ಳಿ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಕಿಸೆಗೆ ಇಳಿಸಿದರು. ಮತ್ತೆ ಕೈ ಚಾಚಿದರು.

ನಾನು: ಇನ್ನೇನ್ರಿ ಬೀಗ್ರ?

ಬೀಗರು: ಮ್ಯಾಲಿನ ರೂಪಾಯಿ. ಈ ಸಲ ಕೈಯಾಗ ಕೊಡ್ರಿ.