ಏರಿದ ಪಂಚೆ

ಅನಂತಪದ್ಮನಾಭನ ಗ್ರಹಚಾರ ಕೆಡಲು ಒಂದು ಸೀಮೆಎಣ್ಣೆ ಡಬ್ಬ ಸಾಕಾಯಿತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಈ ಪುಣ್ಯಾತ್ಮ ಡಬ್ಬಕ್ಕೆ ಕಪ್ಪುಬಿಳಿ ಪಟ್ಟೆ ಅಂಟಿಸಿ, ಅಡ್ಡಡ್ಡ ಕೂರಿಸಿ, ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ಗರಗರ ತಿರುಗಿಸುತ್ತಿದ್ದ. ಆ ಸದ್ದು ತಾಳಲಾರದೆ ಪಕ್ಕದಲ್ಲೇ ಇದ್ದ ಮನೆಯೊಡತಿ, ಎಪ್ಪತ್ತರ ದಾಕ್ಷಾಯಣಮ್ಮ, "ಭಾನುವಾರ ಖಾಲಿ ಮಾಡ್ಬುಡಪ್ಪ" ಎಂದಿದ್ದರು. ಇವತ್ತೇ ಭಾನುವಾರ. ಬೇರೆ ಮನೆ ಸಿಕ್ಕಿರಲಿಲ್ಲ.

ಇದೇ ಕೊನೆ ಎಂದು ಅರ್ಧ ಗಂಟೆಯಿಂದ ಪಟ್ಟೆಗಳು ಕೆಳಗಿಳಿಯುವುದನ್ನೇ ನೋಡುತ್ತಿದ್ದಾಗ ಎದುರುಮನೆ ಭಾಗ್ಯಮ್ಮ ಕಿರುಚಿದರು: "ಮೇಷ್ಟ್ರೇ, ಬನ್ರೀ! ದಾಕ್ಷಾಯಣಮ್ಮ ಹೋಗ್ಬುಟ್ರು!"

ಓಡಿದ. ಅಯ್ಯೋ ಪಾಪ ಎನಿಸಿತು. ಅದರ ಹಿಂದೆಯೇ ಖುಷಿಯೂ ಆಯಿತು, ಸುಳ್ಳೇಕೆ? ಆಕೆಯ ತಮ್ಮ ಶಾಮಣ್ಣ ಯಾರನ್ನೂ ಮನೆ ಬಿಡಿಸುವ ಪೈಕಿಯಲ್ಲ.

ಚಾಪೆಯ ಮೇಲೆ ಮುದುಕಿ. ಕತ್ತಿನವರೆಗೆ ಬಿಳಿ ಪಂಚೆ, ತಲೆಯ ಬಳಿ ದೀಪ. ಹಿಂದಿನ ಗೋಡೆ ಸದ್ದಿಲ್ಲದೆ ಮೇಲೇರುತ್ತಿತ್ತು. ಪಂಚೆಯೂ ಏರಿತು.

"ಎದೆ ಆಡ್ತಿದೆ!" ಬಾಯಿ ಜಾರಿತು. ಶಾಮಣ್ಣನ ಅಳು ಗಕ್ಕನೆ ನಿಂತಿತು.

"ಏನಿಲ್ಲ ಕಣ್ರೀ," ಎಂದು ಅನಂತಪದ್ಮನಾಭ ತಿದ್ದಿಕೊಂಡ. "ಮೆದುಳಲ್ಲಿ ಇಳಿಯೋದನ್ನ ಗುರುತಿಸೋಕೆ ಕೆಲವು ನರಕೋಶ, ಏರೋದಕ್ಕೆ ಬೇರೆ ಕೆಲವು. ಡಬ್ಬ ನೋಡಿ ನೋಡಿ ಇಳಿಯೋವು ಸುಸ್ತಾಗಿವೆ. ಏರೋವು ಸುಮ್ಸುಮ್ನೆ ಕೂಗಾಡ್ತಿವೆ. ನನಗೀಗ ಗೋಡೇನೂ ಏರ್ತಿದೆ!"

"ಗೋಡೇನೂವಾ?" ಭಾಗ್ಯಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದರು. "ಇವ್ರಿಗೆ ಗಾಳಿ ಸೋಕಿದೆ, ನಿಂಬೆಹಣ್ಣು ತನ್ನಿ!"

ಆಗ ಪಂಚೆ ಇಳಿಯಿತು.

ಅನಂತಪದ್ಮನಾಭ ಕಣ್ಣುಜ್ಜಿಕೊಂಡ. ಸುಸ್ತಾದ ನರಕೋಶದಿಂದ ಏರಿದಂತೆ ಕಾಣಬಹುದು, ಇಳಿದಂತೆ ಹೇಗೆ ಕಂಡೀತು? ಗೋಡೆ ಏರುತ್ತಲೇ ಇತ್ತು. ಪಂಚೆ ಮಾತ್ರ ಏರಿತು, ಇಳಿಯಿತು, ಮತ್ತೆ ಏರಿತು. "ಇಳೀ..." ಎಂದು ಬಾಯಿ ತೆರೆದ. ಮನೆ ನೆನಪಾಗಿ ಮುಚ್ಚಿಕೊಂಡ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನೀವು ಓದಿದೋರು," ಶಾಮಣ್ಣ ಮೂಗೊರೆಸಿಕೊಂಡ. "ಚಟ್ಟಕ್ಕೆ ಬಿದಿರು ತರ್ಸಲಾ?"

"ಹೂಂ."

ದಾಕ್ಷಾಯಣಮ್ಮ ಕಣ್ಣು ಬಿಟ್ಟರು.

ಭಾಗ್ಯಮ್ಮ ಬೀದಿ ದಾಟಿದ್ದೇ ಗೊತ್ತಾಗಲಿಲ್ಲ. ಶಾಮಣ್ಣ ಅಲ್ಲೇ ಕುಸಿದ. ಅನಂತಪದ್ಮನಾಭ ಮುದುಕಿಯ ಕಾಲಿಗೆ ಬಿದ್ದು, "ಈಗ್ಲೇ ಖಾಲಿ ಮಾಡ್ತೀನಮ್ಮಾ!" ಎಂದ.

"ಯಾಕಪ್ಪಾ?" ಆಕೆ ಅವನ ಮಣಿಕಟ್ಟು ಹಿಡಿದರು. ಕೈ ಇನ್ನೂ ತಣ್ಣಗಿತ್ತು. "ಕೈಕಾಲು ಆಡ್ತಿರ್ಲಿಲ್ಲ, ಕಿವಿ ಕೇಳ್ತಿತ್ತು. ನನ್ನ ಉಸಿರು ಕಂಡಿದ್ದು ನಿನಗೊಬ್ಬನಿಗೇ ಕಣಯ್ಯ. ಎಲ್ಲೂ ಹೋಗ್ಬೇಡ. ಹಾಸಿಗೆ ಸುತ್ಕೊಂಡು ಇಲ್ಲೇ ಬಂದ್ಬುಡು. ನಾನು ಕಣ್ಣು ಮುಚ್ಚಿದಾಗೆಲ್ಲ ಎದುರಿಗೆ ಕೂತು ನೋಡ್ತಿರು." ಹಿಡಿತ ಬಿಗಿಯಾಯಿತು. "ಇನ್ಮೇಲೆ ಇಳಿದದ್ದನ್ನೂ ಬಾಯ್ಬಿಟ್ಟು ಹೇಳು."